ಕೋಲ್ಕತ್ತಾ–ಢಾಕಾ ಮೈತ್ರೀ ಎಕ್ಸ್‌ಪ್ರೆಸ್: ಓಡುವಾಗ ಚೆನ್ನಾಗಿತ್ತು, ನಿಲ್ಲಿಸುವುದು ಬಹಳ ಸುಲಭವಾಗಿತ್ತು

ಮೈತ್ರೀ ಎಕ್ಸ್‌ಪ್ರೆಸ್ 2024ರ ಜುಲೈ ನಡುವಿನಲ್ಲಿ ನಿಂತಿತು. 2025ರ ಇಡೀ ವರ್ಷ ಕಳೆದರೂ ಮತ್ತೆ ಹೊರಡಲಿಲ್ಲ. ನಿಂತುಹೋದ ರೈಲಿನ ಗುಣದೋಷ ಬರೆದು ಯಾರಿಗೆ ಉಪಯೋಗ ಎಂದು ಓದುಗರು ಕೇಳಬಹುದು. ಸೀಟು, ಸಮಯಪಾಲನೆ, ಶುಚಿತ್ವಗಳನ್ನಷ್ಟೇ ನೋಡಿ ಅಂಕ ಕೊಡುವುದಾದರೆ ಈ ರೈಲಿಗೆ ಒಳ್ಳೆಯ ಅಂಕವೇ ಸಿಗುತ್ತದೆ, ಬರೆಯುವುದೂ ಹೆಚ್ಚೇನಿರುವುದಿಲ್ಲ. ಆದರೆ ಎರಡು ನೆರೆದೇಶಗಳ ನಡುವೆ ಓಡುವ ಸೇವೆಯನ್ನು ಅಳೆಯಲು ಇನ್ನೂ ಒಂದು ಅಳತೆಗೋಲು ಬೇಕಾಗುತ್ತದೆ: ಅದನ್ನು ಯಾರು, ಯಾವ ಕಾರಣ ಕೊಟ್ಟು, ಎಷ್ಟು ಕಾಲ ನಿಲ್ಲಿಸಬಹುದು, ಹಾಗೆ ನಿಲ್ಲಿಸಿದವರು ಟಿಕೆಟ್ ಕೊಂಡವರಿಗೆ ಏನು ಉತ್ತರ ಕೊಡಬೇಕು ಎಂಬುದು. ಆ ಅಳತೆಗೋಲಿನಲ್ಲಿ ನೋಡುವುದಕ್ಕೆ ರೈಲು ನಿಂತಿರುವ ಕಾಲವೇ ತಕ್ಕ ಕಾಲ.

ಮೊದಲು ಪ್ರಯಾಣದ ಮಾತು. ನಾನು ಇದರಲ್ಲಿ ಹೋಗಿದ್ದು ತಪಾಸಣೆಯೆಲ್ಲ ಎರಡೂ ತುದಿಯ ನಿಲ್ದಾಣಗಳಿಗೆ ಸ್ಥಳಾಂತರಗೊಂಡ ನಂತರ. ಕೋಲ್ಕತ್ತಾದ ಚಿತ್ಪುರದಲ್ಲಿರುವ ಕೋಲ್ಕತ್ತಾ ನಿಲ್ದಾಣದಿಂದ ಬೆಳಗ್ಗೆ 7ರ ಹೊತ್ತಿಗೆ ಹೊರಡುತ್ತಿದ್ದ ರೈಲು ಸುಮಾರು 375 ಕಿ.ಮೀ. ಸಾಗಿ, ಅಲ್ಲಿನ ಗಡಿಯಾರದಂತೆ ಸಂಜೆ 4ರ ಸುಮಾರಿಗೆ ಢಾಕಾ ಕಂಟೋನ್ಮೆಂಟ್ ನಿಲ್ದಾಣ ಸೇರುತ್ತಿತ್ತು. ಬೋಗಿಗಳೆಲ್ಲ ಹವಾನಿಯಂತ್ರಿತ, ಕುಳಿತು ಹೋಗುವ ಚೇರ್‌ಕಾರ್ ಮತ್ತು ಕ್ಯಾಬಿನ್ ಎಂಬ ಎರಡೇ ದರ್ಜೆ. ಒಬ್ಬ ವಯಸ್ಕರಿಗೆ 35 ಕಿಲೋ ಸಾಮಾನು ಉಚಿತ. ನಡುವೆ ಪ್ರಯಾಣಿಕರು ಹತ್ತುವ ಅಥವಾ ಇಳಿಯುವ ನಿಲ್ದಾಣ ಒಂದೂ ಇಲ್ಲದ್ದರಿಂದ ಬೋಗಿಯೊಳಗೆ ನೂಕುನುಗ್ಗಲಿನ ಮಾತೇ ಇರಲಿಲ್ಲ. ಕೋಲ್ಕತ್ತಾ ನಿಲ್ದಾಣದ ಅಂತರರಾಷ್ಟ್ರೀಯ ವಿಭಾಗದಲ್ಲಿ ಸಾಮಾನನ್ನು ಎಕ್ಸ್‌ರೇ ಯಂತ್ರದೊಳಗೆ ಬಿಟ್ಟು, ನಿರ್ಗಮನದ ಚೀಟಿ ತುಂಬಿ, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಪ್ಲಾಟ್‌ಫಾರ್ಮಿಗೆ ಬಂದರೆ, ಕಾಗದದ ಲೆಕ್ಕದಲ್ಲಿ ನೀವು ಭಾರತ ಬಿಟ್ಟಂತೆಯೇ. ಅಲ್ಲಿಂದ ಮುಂದೆ ಸುಮಾರು 120 ಕಿ.ಮೀ. ಪಶ್ಚಿಮ ಬಂಗಾಳದ ನೆಲದ ಮೇಲೆಯೇ ಓಡುತ್ತಿದ್ದರೂ ನೀವು ಇಳಿಯುವಂತಿಲ್ಲ.

ಗಡಿಯಲ್ಲಿ ಗೆದೆ, ಅದರಾಚೆಗೆ ದರ್ಶನಾ. ಸಿಬ್ಬಂದಿ ಬದಲಾವಣೆಗೆಂದು ರೈಲು ನಿಂತು, ಮತ್ತೆ ಮೆಲ್ಲಗೆ ಹೊರಟಾಗ ಕಿಟಕಿಯಾಚೆ ಕಾಣುವುದು ಮುಳ್ಳುತಂತಿಯ ಬೇಲಿ, ಅದರಲ್ಲಿ ಹಳಿಯ ಅಗಲಕ್ಕೆ ಬಿಟ್ಟ ಗೇಟು, ಗೇಟಿನ ಪಕ್ಕ ಬಂದೂಕು ಹಿಡಿದ ಗಡಿ ಭದ್ರತಾ ಪಡೆಯ ಯೋಧರು. ಬೇಲಿಯ ಎರಡೂ ಬದಿಗೆ ಅದೇ ಭತ್ತದ ಗದ್ದೆ. ಕೆಲವು ನಿಮಿಷಗಳಲ್ಲಿ ಮೊಬೈಲಿನ ಸಿಗ್ನಲ್ ಹೋಗಿ, ಗಡಿಯಾರ ಅರ್ಧ ಗಂಟೆ ಮುಂದಕ್ಕೆ ಜಿಗಿಯುತ್ತದೆ. ಗಡಿ ದಾಟಿದ್ದರ ಅನುಭವ ಅಷ್ಟಕ್ಕೇ ಮುಗಿಯುತ್ತಿತ್ತು, ಮತ್ತು ಈ ಸೇವೆಯ ಅತ್ಯುತ್ತಮ ಗುಣವೇ ಅದು ಎಂದು ನನ್ನ ಅಭಿಪ್ರಾಯ.

ಯಾಕೆಂದರೆ ಮೊದಲು ಹೀಗಿರಲಿಲ್ಲ. 2008ರ ಏಪ್ರಿಲ್ 14ರಂದು ರೈಲು ಆರಂಭವಾದಾಗ ಪ್ರಯಾಣಿಕರು ಗೆದೆಯಲ್ಲಿ ಒಮ್ಮೆ, ದರ್ಶನಾದಲ್ಲಿ ಇನ್ನೊಮ್ಮೆ ಗಂಟುಮೂಟೆ ಸಮೇತ ಇಳಿದು ಸರತಿಯಲ್ಲಿ ನಿಲ್ಲಬೇಕಾಗಿತ್ತು. ಚಿಕಿತ್ಸೆಗೆ ಹೊರಟ ವಯಸ್ಸಾದವರೂ ಇದರಿಂದ ಹೊರತಾಗಿರಲಿಲ್ಲ. ರೈಲಿನ ಓಟಕ್ಕಿಂತ ಈ ಇಳಿದು ಹತ್ತುವ ಕೆಲಸವೇ ಜನರನ್ನು ದಣಿಸುತ್ತಿತ್ತು. ಆರಂಭದ ವರ್ಷಗಳಲ್ಲಿ ಸೀಟುಗಳು ಖಾಲಿ ಉಳಿದದ್ದಕ್ಕೆ ಇದೂ ಒಂದು ಕಾರಣ. 2017ರ ನವೆಂಬರ್‌ನಲ್ಲಿ ವಲಸೆ ಮತ್ತು ಕಸ್ಟಮ್ಸ್ ತಪಾಸಣೆ ಕೋಲ್ಕತ್ತಾ ಹಾಗೂ ಢಾಕಾಗಳಿಗೇ ವರ್ಗವಾದ ಮೇಲೆ ಪ್ರಯಾಣದ ಅವಧಿ ಸುಮಾರು 3 ಗಂಟೆ ಕಡಿಮೆಯಾಯಿತು. ಹೊಸ ಎಂಜಿನ್ ಇಲ್ಲದೆ, ಹೊಸ ಹಳಿ ಇಲ್ಲದೆ, ಮೇಜು ಕುರ್ಚಿಗಳ ಜಾಗ ಬದಲಿಸಿದ್ದರಿಂದಲೇ ಉಳಿದ ಸಮಯ ಅದು. ಗಡಿ ಸಾರಿಗೆಯ ಬಗ್ಗೆ ಸಾವಿರಾರು ಕೋಟಿಯ ಯೋಜನೆಗಳನ್ನು ಘೋಷಿಸುವವರು ಈ ಒಂದು ಉದಾಹರಣೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು.

ದಾರಿಯಲ್ಲಿ ನೋಡಲು ಎರಡು ಸೇತುವೆಗಳಿವೆ. ಪದ್ಮಾ ನದಿಯ ಮೇಲಿನ ಹಾರ್ಡಿಂಜ್ ಸೇತುವೆ 1915ರದ್ದು. 1971ರ ಯುದ್ಧದಲ್ಲಿ ಅದರ ಒಂದು ಗರ್ಡರ್ ನೀರಿಗೆ ಬಿದ್ದಿತ್ತು, 1972ರಲ್ಲಿ ಭಾರತದ ನೆರವಿನಿಂದ ದುರಸ್ತಿಯಾಯಿತು. ಎರಡನೆಯದು ಯಮುನಾ ಸೇತುವೆ, ಅಲ್ಲಿನವರ ಬಾಯಲ್ಲಿ ಜಮುನಾ. 1998ರಲ್ಲಿ ತೆರೆದ ಈ ರಸ್ತೆ ಸೇತುವೆಯ ಒಂದು ಅಂಚಿನಲ್ಲಿ ಒಂಟಿ ಹಳಿಯನ್ನೂ ಹಾಕಿದ್ದರು. ಸೇತುವೆಯಲ್ಲಿ ಬಿರುಕು ಕಂಡುಬಂದ ಮೇಲೆ ರೈಲಿನ ವೇಗಕ್ಕೆ ಕಡಿವಾಣ ಬಿತ್ತು. ಹೀಗಾಗಿ 5 ಕಿ.ಮೀ.ಗೂ ಕಡಿಮೆ ಉದ್ದದ ಆ ಸೇತುವೆಯ ಮೇಲೆ ಮೈತ್ರೀ ಎಕ್ಸ್‌ಪ್ರೆಸ್ ಆಮೆಯಂತೆ ತೆವಳುತ್ತಿತ್ತು, ಪಕ್ಕದಲ್ಲಿ ಬಸ್ಸುಗಳು ಅದನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಜಪಾನಿನ ನೆರವಿನಿಂದ ಕಟ್ಟಿದ ಜೋಡಿ ಹಳಿಯ ಪ್ರತ್ಯೇಕ ರೈಲು ಸೇತುವೆ 2025ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲು, 2024ರ ಡಿಸೆಂಬರ್‌ನಲ್ಲಿ, ಪದ್ಮಾ ಸೇತುವೆಯ ಮೂಲಕ ಢಾಕಾದಿಂದ ಗಡಿಯ ಬೆನಾಪೋಲ್‌ಗೆ 4 ಗಂಟೆಯೊಳಗೆ ತಲುಪಿಸುವ ರೈಲು ಓಡತೊಡಗಿತು. ಬೆನಾಪೋಲ್‌ನಿಂದ ಕೋಲ್ಕತ್ತಾ ದೂರವೇನಲ್ಲ. ಎರಡು ರಾಜಧಾನಿಗಳ ನಡುವೆ ಹಳಿ ಇಷ್ಟು ಚುರುಕಾಗಿ ಹಿಂದೆಂದೂ ಇರಲಿಲ್ಲ ಎಂದು ಬರೆಯಹೊರಟೆ. ಕೋಲ್ಕತ್ತಾ ದೇಶದ ರಾಜಧಾನಿಯಾಗಿದ್ದುದು ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತಾದರೂ ಬಂಗಾಳದ ವಿಷಯ ಬಂದಾಗ ಲೇಖನಿ ಹಾಗೇ ಓಡುತ್ತದೆ. ಹಳಿ ಸಿದ್ಧವಾದಾಗ ಓಡುವ ಮೈತ್ರೀ ಇರಲಿಲ್ಲ ಎಂಬುದು ಇಲ್ಲಿ ಮುಖ್ಯ.

ಸೇವೆಯ ದುರ್ಬಲ ಭಾಗ ಟಿಕೆಟ್ ಮತ್ತು ವೀಸಾ. ಅಂತರ್ಜಾಲದಲ್ಲಿ ಟಿಕೆಟ್ ಸಿಗುತ್ತಿರಲಿಲ್ಲ. ಕೋಲ್ಕತ್ತಾದ ಫೇರ್ಲಿ ಪ್ಲೇಸ್ ಅಥವಾ ಕೋಲ್ಕತ್ತಾ ನಿಲ್ದಾಣದ ಕೌಂಟರಿಗೆ, ಢಾಕಾದಲ್ಲಾದರೆ ಕಮಲಾಪುರಕ್ಕೆ ಪಾಸ್‌ಪೋರ್ಟ್ ಮತ್ತು ಚಾಲ್ತಿಯಲ್ಲಿರುವ ವೀಸಾ ಹಿಡಿದು ಹೋಗಬೇಕಿತ್ತು. ಬಾಂಗ್ಲಾದೇಶದ ಪ್ರಜೆಗೆ ಭಾರತ ಕೊಡುವ ವೀಸಾದಲ್ಲಿ ಯಾವ ಗಡಿಯ ಮೂಲಕ, ಯಾವ ಸಾರಿಗೆಯಲ್ಲಿ ಪ್ರವೇಶ ಎಂಬುದೂ ನಮೂದಾಗಿರುತ್ತದೆ. ಅದರಲ್ಲಿ ಗೆದೆ ರೈಲುಮಾರ್ಗದ ಹೆಸರಿಲ್ಲದಿದ್ದರೆ ರೈಲಿನಲ್ಲಿ ಸೀಟು ಖಾಲಿಯಿದ್ದೂ ಪ್ರಯೋಜನವಿಲ್ಲ. ಬೋಗಿಯಲ್ಲಿ ನನ್ನ ಸುತ್ತ ಕುಳಿತಿದ್ದವರಲ್ಲಿ ಬಹುಪಾಲು ಬಾಂಗ್ಲಾದೇಶದವರು. ಮಡಿಲಲ್ಲಿ ಎಕ್ಸ್‌ರೇ ಫಿಲ್ಮಿನ ಲಕೋಟೆ, ಆಸ್ಪತ್ರೆಯ ಕಡತ. ಕೋಲ್ಕತ್ತಾದ ಆಸ್ಪತ್ರೆಗಳಿಗೆ, ಅಲ್ಲಿಂದ ಮುಂದೆ ವೆಲ್ಲೂರು, ಚೆನ್ನೈಗಳಿಗೆ ಹೋಗಿ ಬರುವ ರೋಗಿಗಳಿಗೆ ಈ ರೈಲು ವಿಮಾನಕ್ಕಿಂತ ಅಗ್ಗದ, ಬಸ್ಸಿಗಿಂತ ಮೈಗೆ ಹಿತವಾದ ದಾರಿಯಾಗಿತ್ತು. ರಾಜತಾಂತ್ರಿಕರ ಭಾಷಣದಲ್ಲಿ ಬರುವ ಜನರಿಂದ ಜನರಿಗೆ ಸಂಪರ್ಕ ಎಂಬುದರ ನಿಜವಾದ ರೂಪ ಈ ಲಕೋಟೆಗಳೇ.

ಇನ್ನು ನಿಲ್ಲಿಸುವ ವಿಷಯ. ಈ ಹಳಿಗೆ ನಿಂತು ಅಭ್ಯಾಸವಿದೆ. ಕೋಲ್ಕತ್ತಾದಿಂದ ದರ್ಶನಾದ ಮೂಲಕ ಕುಷ್ಟಿಯಾಗೆ ರೈಲು ಓಡಿದ್ದು 1862ರಲ್ಲಿ; ಇಂದಿನ ಬಾಂಗ್ಲಾದೇಶದ ನೆಲದ ಮೊದಲ ರೈಲುಮಾರ್ಗ ಅದು. 1947ರಲ್ಲಿ ದೇಶ ಒಡೆದರೂ ಈಸ್ಟ್ ಬೆಂಗಾಲ್ ಎಕ್ಸ್‌ಪ್ರೆಸ್, ಈಸ್ಟ್ ಬೆಂಗಾಲ್ ಮೇಲ್, ಬಾರಿಸಾಲ್ ಎಕ್ಸ್‌ಪ್ರೆಸ್‌ಗಳು ಗಡಿ ದಾಟುತ್ತಲೇ ಇದ್ದವು. ವಿಭಜನೆ ಮಾಡಲಾಗದ್ದನ್ನು 1965ರ ಯುದ್ಧ ಮಾಡಿತು. ಆಗ ನಿಂತ ಪ್ರಯಾಣಿಕರ ಸಂಚಾರ ಬಾಂಗ್ಲಾದೇಶ ಸ್ವತಂತ್ರವಾಗಿ 36 ವರ್ಷಗಳಾದ ಮೇಲೆ, 2008ರಲ್ಲಿ ಮರಳಿತು. ಕೋವಿಡ್‌ಗಾಗಿ 2020ರ ಮಾರ್ಚ್‌ನಲ್ಲಿ ನಿಂತು 2022ರ ಮೇ 29ರಂದು ಮತ್ತೆ ಹೊರಟಿತು. ಖುಲ್ನಾಗೆ ಹೋಗುವ ಬಂಧನ್ ಎಕ್ಸ್‌ಪ್ರೆಸ್ 2017ರಲ್ಲಿ, ನ್ಯೂ ಜಲ್ಪಾಯ್‌ಗುರಿಯಿಂದ ಢಾಕಾಗೆ ಮಿತಾಲಿ ಎಕ್ಸ್‌ಪ್ರೆಸ್ 2022ರ ಜೂನ್‌ನಲ್ಲಿ ಇದರ ಜೊತೆಗೂಡಿದವು. ಮೂರೂ 2024ರ ಜುಲೈನಲ್ಲಿ ಒಟ್ಟಿಗೇ ನಿಂತವು.

ಮೊದಲ ದಿನಗಳಲ್ಲಿ ಕಾರಣ ಸ್ಪಷ್ಟವಿತ್ತು. ಮೀಸಲಾತಿ ವಿರೋಧಿ ವಿದ್ಯಾರ್ಥಿ ಚಳವಳಿಯಿಂದ ಢಾಕಾ ಹೊತ್ತಿ ಉರಿಯುತ್ತಿತ್ತು, ಕರ್ಫ್ಯೂ ಇತ್ತು, ದೇಶದೊಳಗಿನ ರೈಲುಗಳೇ ಓಡುತ್ತಿರಲಿಲ್ಲ. ಆಗಸ್ಟ್ 5ರಂದು ಶೇಖ್ ಹಸೀನಾ ಅಧಿಕಾರ ಬಿಟ್ಟು ಭಾರತಕ್ಕೆ ಬಂದರು. ಆನಂತರ ಬಾಂಗ್ಲಾದೇಶದ ಒಳಗಿನ ರೈಲುಗಳು ಮತ್ತೆ ಹಳಿಗೆ ಬಂದವು. ಗಡಿ ದಾಟುವ ಪ್ರಯಾಣಿಕರ ರೈಲುಗಳು ಮಾತ್ರ ಬರಲಿಲ್ಲ. ಭಾರತ ವೀಸಾ ನೀಡಿಕೆಯನ್ನು ವೈದ್ಯಕೀಯ ಮತ್ತಿತರ ತುರ್ತು ಅಗತ್ಯಗಳಿಗೆ ಸೀಮಿತಗೊಳಿಸಿತು. ಇಂಥ ದಿನದಿಂದ ಸೇವೆ ರದ್ದು, ಇಂಥ ಷರತ್ತು ಈಡೇರಿದರೆ ಪುನರಾರಂಭ ಎಂದು ಹೇಳಿದವರಿಲ್ಲ. ಗಲಭೆಯ ಕಾರಣಕ್ಕೆ ನಿಂತದ್ದು ಯಾವ ದಿನದಿಂದ ರಾಜಕೀಯದ ಕಾರಣಕ್ಕೆ ನಿಂತದ್ದಾಯಿತು ಎಂದು ಗುರುತಿಸುವುದು ಪ್ರಯಾಣಿಕರಿಗೆ ಸಾಧ್ಯವೇ ಇರಲಿಲ್ಲ. ಸೇವೆಯೊಂದರ ಮೇಲೆ ಹೊರಿಸಬಹುದಾದ ಆಕ್ಷೇಪಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ.

ಸರಕಿನ ದಾರಿಯಲ್ಲಿ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಇನ್ನಷ್ಟು ತಿಳಿಯಾಗುತ್ತದೆ. 2025ರ ಮಾರ್ಚ್ ಕೊನೆಯಲ್ಲಿ ಬಾಂಗ್ಲಾದೇಶದ ಮಧ್ಯಂತರ ಸರ್ಕಾರದ ಮುಖ್ಯಸ್ಥ ಮುಹಮ್ಮದ್ ಯೂನುಸ್ ಚೀನಾದಲ್ಲಿ ಮಾತನಾಡುತ್ತಾ, ಭಾರತದ ಈಶಾನ್ಯ ರಾಜ್ಯಗಳಿಗೆ ಸಮುದ್ರದ ದಾರಿಯಿಲ್ಲ, ಆ ಭಾಗಕ್ಕೆ ಸಾಗರದ ಕಾವಲುಗಾರ ತಮ್ಮ ದೇಶವೇ ಎಂಬ ಅರ್ಥದ ಮಾತನ್ನಾಡಿದರು. ಏಪ್ರಿಲ್ 8ರಂದು ಭಾರತ, ಬಾಂಗ್ಲಾದೇಶದ ಸರಕು ಭಾರತದ ಬಂದರು ಮತ್ತು ವಿಮಾನ ನಿಲ್ದಾಣಗಳ ಮೂಲಕ ಮೂರನೆಯ ದೇಶಗಳಿಗೆ ಹೋಗಲು 2020ರಲ್ಲಿ ಕೊಟ್ಟಿದ್ದ ಸೌಲಭ್ಯವನ್ನು ಹಿಂತೆಗೆದುಕೊಂಡಿತು. ಸರಕು ದಟ್ಟಣೆಯೇ ಕಾರಣ ಎಂದಿತು. ಅದೇ ತಿಂಗಳು ಬಾಂಗ್ಲಾದೇಶ ಭೂಮಾರ್ಗದ ಮೂಲಕ ಭಾರತದ ನೂಲಿನ ಆಮದು ನಿಲ್ಲಿಸಿತು. ಮೇ 17ರಂದು ಭಾರತ, ಬಾಂಗ್ಲಾದೇಶದ ಸಿದ್ಧ ಉಡುಪು ಇನ್ನು ಮುಂದೆ ಮುಂಬೈ ಬಳಿಯ ನ್ಹಾವಾ ಶೇವಾ ಮತ್ತು ಕೋಲ್ಕತ್ತಾ ಬಂದರುಗಳ ಮೂಲಕವಷ್ಟೇ ಬರಬೇಕೆಂದು ಆದೇಶಿಸಿತು. ಗಡಿಯ ಗೇಟಿನಿಂದ ಒಂದೆರಡು ದಿನಗಳಲ್ಲಿ ಒಳಬರುತ್ತಿದ್ದ ಅಂಗಿ ಈಗ ಹಡಗು ಹತ್ತಬೇಕು. ಹಳಿ, ರಸ್ತೆ, ಗೇಟು ಎಲ್ಲವೂ ಹಾಗೇ ಇದ್ದವು. ಬದಲಾದದ್ದು ಆದೇಶದ ಕಾಗದ.

ಎರಡೂ ಕಡೆಯವರ ಆತಂಕ ಟೊಳ್ಳಲ್ಲ, ಅದನ್ನೂ ಹೇಳಬೇಕು. ಭಾರತದ ಮುಖ್ಯಭೂಮಿಯನ್ನು ಈಶಾನ್ಯಕ್ಕೆ ಸೇರಿಸುವ ಸಿಲಿಗುರಿಯ ನೆಲ ಅತ್ಯಂತ ಕಿರಿದಾದ ಕಡೆ ಸುಮಾರು 22 ಕಿ.ಮೀ. ಅಗಲ. ಅಗರ್ತಲಾದಿಂದ ಕೋಲ್ಕತ್ತಾಗೆ ಗುವಾಹಟಿ ಸುತ್ತಿಕೊಂಡು ಹೋದರೆ ಸುಮಾರು 1,600 ಕಿ.ಮೀ.; ಬಾಂಗ್ಲಾದೇಶದ ಒಳಗಿಂದ ಅದರ ಮೂರನೆಯ ಒಂದು ಭಾಗವಷ್ಟೇ. ಈ ಲೆಕ್ಕ ಢಾಕಾದಲ್ಲೂ ಎಲ್ಲರಿಗೂ ಗೊತ್ತು. ಆದ್ದರಿಂದಲೇ ಲಾಭದ ಪಾಲು ಎಲ್ಲಿ ಎಂಬ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ಏಳುತ್ತದೆ. ತ್ರಿಪುರಾದ ಪಾಲಟಾನಾ ವಿದ್ಯುತ್ ಸ್ಥಾವರಕ್ಕೆ ಭಾರಿ ಯಂತ್ರಗಳನ್ನು ಬಾಂಗ್ಲಾದೇಶದ ನದಿಬಂದರು ಆಶುಗಂಜ್ ಮೂಲಕ ಸಾಗಿಸುವಾಗ, ಆ ತೂಕವನ್ನು ಹಳೆಯ ಸೇತುವೆಗಳು ತಾಳಲಾರವೆಂದು ತಿತಾಸ್ ನದಿಗೇ ಅಡ್ಡಲಾಗಿ ಮಣ್ಣು ತುಂಬಿ ದಾರಿ ಮಾಡಲಾಗಿತ್ತು. ನದಿಯ ನೀರು ತಡೆದು ನೆರೆದೇಶದ ಲಾರಿ ಹಾಯಿಸಿದ ಆ ದೃಶ್ಯ ಬಾಂಗ್ಲಾದೇಶದಲ್ಲಿ ಕೆರಳಿಸಿದ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. 2016ರಲ್ಲಿ ಆಶುಗಂಜ್ ಮಾರ್ಗಕ್ಕೆ ಟನ್‌ಗೆ ಸುಮಾರು 192 ಟಾಕಾ ಶುಲ್ಕ ನಿಗದಿಯಾದಾಗ ಅದು ತೀರಾ ಕಡಿಮೆಯೆಂಬ ಟೀಕೆಯೂ ಬಂತು. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಗೆದೆ–ದರ್ಶನಾದಿಂದ ಒಳಹೋಗಿ ಉತ್ತರದ ಚಿಲಾಹಾಟಿ–ಹಲ್ದಿಬಾರಿ ಗಡಿಯಲ್ಲಿ ಹೊರಬೀಳುವ ಭಾರತದ ರೈಲುಗಳ ಮಾತುಕತೆಯಾದಾಗ, ದೇಶದ ಸಾರ್ವಭೌಮತ್ವವನ್ನೇ ಒತ್ತೆಯಿಟ್ಟಿರೆಂದು ಅಲ್ಲಿನ ವಿರೋಧ ಪಕ್ಷಗಳು ಹಸೀನಾ ಸರ್ಕಾರದ ಮೇಲೆ ಮುಗಿಬಿದ್ದವು. ಕೆಲವೇ ವಾರಗಳಲ್ಲಿ ಆ ಸರ್ಕಾರವೇ ಉಳಿಯಲಿಲ್ಲ. 2023ರ ನವೆಂಬರ್ 1ರಂದು ಉದ್ಘಾಟನೆಯಾದ ಅಗರ್ತಲಾ–ಅಖೌರಾ ಹಳಿಯ ಮೇಲೆ ನಿಯಮಿತ ಸಂಚಾರ ಶುರುವಾಗುವ ಮೊದಲೇ ಇದೆಲ್ಲ ನಡೆದುಹೋಯಿತು.

ಇನ್ನೊಂದು ದಿಕ್ಕಿನಿಂದ ನೋಡಿದರೆ ಬಾಂಗ್ಲಾದೇಶದ ಲಾರಿ ನೇಪಾಳ ಅಥವಾ ಭೂತಾನಕ್ಕೆ ಹೋಗಬೇಕಾದರೂ ಸಿಲಿಗುರಿಯ ಅದೇ ಕಿರಿದಾದ ನೆಲವನ್ನು ದಾಟಬೇಕು. ನಾಲ್ಕೂ ದೇಶಗಳ ವಾಹನಗಳಿಗೆ ದಾರಿ ಬಿಡುವ ಒಪ್ಪಂದಕ್ಕೆ 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಸಹಿ ಬಿತ್ತು. ಮರುವರ್ಷ ಭೂತಾನದ ಮೇಲ್ಮನೆ ಅದನ್ನು ಒಪ್ಪಲಿಲ್ಲ. ಪುಟ್ಟ ದೇಶಕ್ಕೆ ಲಾರಿಗಳ ದಂಡಿನ ಭಯವಿದ್ದರೆ ಅದನ್ನು ತಪ್ಪೆನ್ನಲಾಗದು.

ಹೋಲಿಕೆಗೆ ಎರಡು ರೈಲುಗಳನ್ನು ನೋಡಬಹುದು. ಒಂದು ಭಾರತ–ಪಾಕಿಸ್ತಾನಗಳ ನಡುವಿನ ಸಂಝೋತಾ ಎಕ್ಸ್‌ಪ್ರೆಸ್. 1976ರ ಜುಲೈ 22ರಂದು ಶುರುವಾದ ಈ ರೈಲು ಸಂಸತ್ತಿನ ಮೇಲಿನ ದಾಳಿಯ ನಂತರ ನಿಂತು 2004ರಲ್ಲಿ ಮರಳಿತ್ತು. 2019ರ ಆಗಸ್ಟ್ 8ರಂದು ಪಾಕಿಸ್ತಾನ ಅದನ್ನು ರದ್ದು ಮಾಡಿದಾಗ ರೈಲು ವಾಘಾದಲ್ಲಿತ್ತು, ಪ್ರಯಾಣಿಕರು ಒಳಗಿದ್ದರು, ಅಲ್ಲಿನ ಸಿಬ್ಬಂದಿ ಗಡಿ ದಾಟಲು ಒಪ್ಪಲಿಲ್ಲ. ಭಾರತದಿಂದ ಎಂಜಿನ್ ಮತ್ತು ಸಿಬ್ಬಂದಿ ಹೋಗಿ ಅಟ್ಟಾರಿಗೆ ಎಳೆದು ತಂದರು. ಮೈತ್ರೀ ಎಕ್ಸ್‌ಪ್ರೆಸ್ ಈ ಮಟ್ಟಕ್ಕೆ ಇಳಿಯಲಿಲ್ಲ ಎಂಬುದು ಅದರ ಪರವಾಗಿ ಹೇಳಬೇಕಾದ ಮಾತು.

ಇನ್ನೊಂದು ಮಾಸ್ಕೋದಿಂದ ಲಿಥುವೇನಿಯಾ ಮೂಲಕ ಕಲಿನಿನ್‌ಗ್ರಾಡ್‌ಗೆ ಹೋಗುವ ರೈಲು. ರಷ್ಯಾದ ಆ ತುಣುಕು ನೆಲ ಯುರೋಪಿನ ಒಕ್ಕೂಟದ ನಡುವೆ ಸಿಕ್ಕಿಕೊಂಡಿದೆ. ಲಿಥುವೇನಿಯಾ ಒಕ್ಕೂಟ ಸೇರುವ ಮೊದಲೇ, 2003ರ ಜುಲೈನಿಂದ, ರೈಲು ಪ್ರಯಾಣಿಕರಿಗೆಂದೇ ಪ್ರತ್ಯೇಕ ಸಂಚಾರ ಪತ್ರದ ವ್ಯವಸ್ಥೆ ಜಾರಿಗೆ ಬಂತು: ಯಾರು ಅರ್ಜಿ ಹಾಕಬೇಕು, ಪತ್ರ ಎಷ್ಟು ಹೊತ್ತಿಗೆ ಸಲ್ಲುತ್ತದೆ, ನಡುವೆ ಇಳಿಯಬಾರದು ಎಂಬುದೆಲ್ಲ ನಿಯಮದಲ್ಲೇ ಇದೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಶುರುಮಾಡಿದ ಮೇಲೆ ವಿಲ್ನಿಯಸ್ ನಿಲ್ದಾಣದಲ್ಲಿ ಈ ರೈಲಿನ ಕಿಟಕಿಗಳಿಗೆ ಎದುರಾಗಿ ಯುದ್ಧದ ಭೀಕರ ಚಿತ್ರಗಳನ್ನು ತೂಗುಹಾಕಲಾಯಿತು. ನಿರ್ಬಂಧಿತ ಸರಕುಗಳ ಬಗ್ಗೆ ಅದೇ ವರ್ಷದ ಜೂನ್‌ನಲ್ಲಿ ದೊಡ್ಡ ಜಗಳವೇ ನಡೆಯಿತು. ಆದರೂ ಪ್ರಯಾಣಿಕರ ರೈಲು ಓಡಿತು. ಪರಸ್ಪರ ಮುಖ ನೋಡಲೂ ಇಷ್ಟವಿಲ್ಲದ ಎರಡು ದೇಶಗಳ ನಡುವೆ ನಿಯಮವೊಂದು ರೈಲನ್ನು ಓಡಿಸುತ್ತದೆ. ಹೆಜ್ಜೆ ಹೆಜ್ಜೆಗೂ ಸ್ನೇಹದ ಮಾತಾಡುವ ಎರಡು ದೇಶಗಳ ನಡುವೆ ರೈಲಿಲ್ಲ.

ಹಾಗಾಗಿ ನನ್ನ ತೀರ್ಪು ಹೀಗಿದೆ. ಬೋಗಿ, ವೇಳಾಪಟ್ಟಿ, ಎರಡು ತುದಿಗಳ ತಪಾಸಣೆ: ಬಹಳ ಚೆನ್ನಾಗಿದ್ದವು. ಟಿಕೆಟ್ ವ್ಯವಸ್ಥೆ: ಹಳೆಯ ಕಾಲದ್ದು, ಸರಿಪಡಿಸಲು ಕಷ್ಟವಿಲ್ಲ. ಸೇವೆಯ ಅಡಿಪಾಯ: ತೀರಾ ಸಡಿಲ. ಎರಡು ಪ್ರಧಾನಿಗಳ ಸೌಹಾರ್ದದ ಮೇಲೆ ನಿಂತ ರೈಲು, ಅವರಲ್ಲಿ ಒಬ್ಬರು ಹೋದ ಮೇಲೆ ಹಳಿಯ ಮೇಲೆ ಉಳಿಯಲಿಲ್ಲ. ಮತ್ತೆ ಆರಂಭಿಸುವಾಗ ಹೊಸ ಬಣ್ಣ, ಹೊಸ ಹಸಿರು ಬಾವುಟದ ಬದಲು, ಸೇವೆ ನಿಲ್ಲಿಸುವ ದೇಶ ಲಿಖಿತ ಕಾರಣ ಕೊಡಬೇಕು, ಇಂತಿಷ್ಟು ದಿನಕ್ಕೊಮ್ಮೆ ಜಂಟಿ ಪರಿಶೀಲನೆ ನಡೆಯಬೇಕು, ಚಿಕಿತ್ಸೆಗೆ ಹೋಗುವವರಿಗೆ ವಾರಕ್ಕೆ ಒಂದು ರೈಲಾದರೂ ಉಳಿಯಬೇಕು ಎಂಬ ಷರತ್ತುಗಳು ಒಪ್ಪಂದದಲ್ಲಿ ಬಂದರೆ ನಾನು ಎರಡನೆಯ ಯೋಚನೆಯಿಲ್ಲದೆ ಇದನ್ನು ಶಿಫಾರಸು ಮಾಡುತ್ತೇನೆ.

ರೈಲು ಇಲ್ಲದಾಗ ಉಳಿಯುವ ದಾರಿಗಳು ಎರಡು: ವಿಮಾನ, ಇಲ್ಲವೇ ಪೆಟ್ರಾಪೋಲ್–ಬೆನಾಪೋಲ್ ಗಡಿಯನ್ನು ನಡೆದು ದಾಟಿ ಆಚೆ ಬದಿಯಲ್ಲಿ ಬಸ್ಸು ಅಥವಾ ಢಾಕಾದ ರೈಲು ಹಿಡಿಯುವುದು. ಎರಡನೆಯದರಲ್ಲಿ ಖರ್ಚು ಕಡಿಮೆ, ಸರತಿ ಉದ್ದ. ವಯಸ್ಸಾದವರನ್ನು ಕರೆದೊಯ್ಯುವವರು ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಮೈತ್ರೀ ಎಕ್ಸ್‌ಪ್ರೆಸ್ ಮರಳಿ ಹೊರಟ ಸುದ್ದಿ ಬಂದರೆ, ಕೌಂಟರಿಗೆ ಹೋಗುವ ಮೊದಲು ವೀಸಾದಲ್ಲಿ ಪ್ರವೇಶದ ಗಡಿಯಾಗಿ ಯಾವ ಹೆಸರಿದೆ ಎಂದು ನೋಡಿಕೊಳ್ಳಿ, ಮತ್ತು ವೈದ್ಯರ ಭೇಟಿಯನ್ನು ರೈಲು ತಲುಪುವ ಮರುದಿನಕ್ಕೇ ಗೊತ್ತುಮಾಡಿಕೊಳ್ಳಬೇಡಿ.